ದೀಪದ ಮಗ್ಗುಲಿನ ದಾಕು

ದಾಕು ಹಾಕುವ ಪಾಲಯ್ಯನಷ್ಟು ಪುಕ್ಕಲನನ್ನು ನಾನು ಕಂಡಿಲ್ಲ. ಹಗ್ಗ ಕಂಡರೂ ಹಾವೆನ್ನುವ ಜೀವ. ನಾಯಿಗೆ ಹೆದರುತ್ತಿದ್ದ, ಹೊಳೆ ದಾಟಿಸುವ ಹರಿಗೋಲಿಗೆ ಹೆದರುತ್ತಿದ್ದ, ಮೇಲಧಿಕಾರಿಯ ಕಾಗದ ಬಂದರಂತೂ ಊಟ ಬಿಡುತ್ತಿದ್ದ. ಇಂಥವನಿಗೆ ಸರ್ಕಾರ ಕೊಟ್ಟಿದ್ದು ಕಂಪ್ಲಿ ಸೀಮೆಯ ಕೂಸುಗಳ ತೋಳಿಗೆ ಸಿಡುಬಿನ ದಾಕು ಚುಚ್ಚುವ ಕೆಲಸ. ನಾವೆಲ್ಲ ನಗುತ್ತಿದ್ದೆವು.

ದಾಕಿನ ಔಷಧ ಮದ್ರಾಸಿನಿಂದ ಸಣ್ಣ ಗಾಜಿನ ಕೊಳವೆಗಳಲ್ಲಿ ಬರುತ್ತಿತ್ತು. ಹಾಲು ಚಳಿಗಾಲದಲ್ಲಿ ಸಂಜೆಯವರೆಗೂ ತಡೆಯುತ್ತದೆ, ನಮ್ಮ ಬಳ್ಳಾರಿ ಬಿಸಿಲಿಗೆ ಮಧ್ಯಾಹ್ನದೊಳಗೇ ಒಡೆಯುತ್ತದೆ. ದಾಕಿನದೂ ಅದೇ ಲೆಕ್ಕ. ಕಾವು ಏರಿದಷ್ಟೂ ಕೆಡುವ ವೇಗ ಏರುತ್ತದೆ. ತಂಪಿನಲ್ಲಿ ವಾರಗಟ್ಟಲೆ ಬಾಳುವುದು ಕಾವಿನಲ್ಲಿ ಎರಡೇ ದಿನಕ್ಕೆ ಸತ್ತಿರುತ್ತದೆ. ಕೆಟ್ಟ ಹಾಲಾದರೆ ವಾಸನೆ ಬರುತ್ತದೆ. ಕೆಟ್ಟ ದಾಕಿನ ಬಣ್ಣವೂ ಬದಲಾಗುವುದಿಲ್ಲ. ಪಾಲಯ್ಯನಿಗೆ ನಾಯಿಗಿಂತ ದೊಡ್ಡ ಭಯ ಅದೇ.

೧೯೩೪ರ ಬೇಸಿಗೆಯಲ್ಲಿ ಅವನು ಕೊಳವೆಗಳ ಡಬ್ಬಿಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ನಮ್ಮೂರು ಮೆಟ್ರಿಯ ಮುದುಕಿ ಹುಲುಗಮ್ಮನ ಮನೆಯಲ್ಲಿ ನೀರಿನ ಗಡಿಗೆಯ ಪಕ್ಕ ಇಟ್ಟು, ಸುತ್ತಲಿನ ಹಳ್ಳಿಗಳ ಕೂಸುಗಳ ಹೆಸರು ಬರೆದುಕೊಳ್ಳಲು ಹೋದ. ಮೂರು ದಿನ ಬಿಟ್ಟು ಬಂದು, ಹುಲುಗಮ್ಮ ಒಳಗಿನಿಂದ ತಂದುಕೊಟ್ಟ ಡಬ್ಬಿಯಿಂದ ಮೆಟ್ರಿಯ ಇಪ್ಪತ್ತಾರು ಕೂಸುಗಳಿಗೆ ಚುಚ್ಚಿದ. ದಾಕು ಹಿಡಿದಿದ್ದರೆ ಎಂಟನೆಯ ದಿನ ಚುಚ್ಚಿದಲ್ಲಿ ಬೊಬ್ಬೆ ಎದ್ದಿರಬೇಕು. ನೋಡಿದರೆ ಒಂದು ತೋಳಿನಲ್ಲೂ ಏನೂ ಇಲ್ಲ.

"ಅಮ್ಮ ನಮ್ಮ ಕೂಸಗಳ್ನ ಮಾಫ್ ಮಾಡ್ಯಾಳ" ಎಂದು ಸಿಡುಬಿನ ದೇವಿಗೆ ಕೈಮುಗಿದು ಊರು ಹಿಗ್ಗಿತು. ಪಾಲಯ್ಯ ಹುಲುಗಮ್ಮನ ಮನೆಗೆ ಓಡಿದ.

"ಅವ್ವಾ, ಡಬ್ಬಿ ನೀರಿನ ಹತ್ರಾನ ಇತ್ತಿಲ್ಲೋ?" ಎಂದು ಹುಲುಗಮ್ಮನನ್ನು ಕೇಳಿದ.

"ಅದರಾಗ ಅಮ್ಮ ಇರ್ತಾಳಲ್ರಿ, ನೆಲದ ಮ್ಯಾಲ ಹೆಂಗ ಇಡ್ಲಿ? ಒದ್ದಿ ಅರಿವಿ ಬಿಚ್ಚಿ, ದೇವರ ಜಗಲಿ ಮ್ಯಾಲ ದೀಪದ ಮಗ್ಗಲಕ ಇಟ್ಟಿದ್ನಿ. ಮೂರು ದಿನಾನೂ ದೀಪ ಆರಗೊಡಲಿಲ್ಲ."

ಅಂಥ ಭಕ್ತಿಯನ್ನು ಬೈಯುವುದು ಹೇಗೆ? ಪಾಲಯ್ಯನಿಗೆ ಅತ್ತ ದರಿ, ಇತ್ತ ಪುಲಿ. ಎಲ್ಲರಿಗೂ ಬೊಬ್ಬೆ ಎದ್ದಿದೆ ಎಂದು ಬರೆದುಬಿಟ್ಟರೆ ಕೇಳುವವರಿಲ್ಲ. ನಿಜ ಹೇಳಿದರೆ ಊರ ಸಿಟ್ಟು, ನೌಕರಿಗೆ ಕುತ್ತು. ಆದರೆ ಹತ್ತಿರದ ಬುಕ್ಕಸಾಗರದಲ್ಲಿ ಆಗಲೇ ಎರಡು ಮನೆಗೆ ಸಿಡುಬು ಬಂದಿತ್ತು. ಅವನು ಹೊಸ ದಾಕು ತಂದು, ಗುಡಿಕಟ್ಟೆಯ ಮುಂದೆ ಊರವರನ್ನು ಸೇರಿಸಿ ನಿಂತ.

"ನಾ ಹಾಕಿದ್ದು ಸತ್ತ ದಾಕು. ಇನ್ನೊಮ್ಮೆ ಹಾಕಬೇಕ್ರಿ."

ಊರ ಹಿರಿಯ ಭರಮಣ್ಣ ಎದ್ದ. "ಒಮ್ಮೆ ಅಮ್ಮ ಬ್ಯಾಡ ಅಂದಾಳ. ಮತ್ತ ಚುಚ್ಚಿದ್ರ ಸಿಟ್ಟಾಗತಾಳ. ನನ್ನ ಮೊಮ್ಮಗಳನ್ನ ಮುಟ್ಟಿದಿ ಅಂದ್ರ ಕೈ ಮುರೀತೀನಿ ಲೇ."

ಹುಲುಗಮ್ಮ ಮೊಮ್ಮಗನನ್ನು ಎತ್ತಿಕೊಂಡು ಮುಂದೆ ಬಂದಳು. "ದೀಪದ ಮಗ್ಗಲಕ ಇಟ್ಟಾಕಿ ನಾನು. ಮೊದ್ಲು ಇವಗ ಹಾಕ್ರಿ."

ಅವಳ ಹಿಂದೆ ಒಬ್ಬೊಬ್ಬರಾಗಿ ಬಂದರು. ಇಪ್ಪತ್ತೈದು ಕೂಸುಗಳಾದವು. ಎಂಟನೆಯ ದಿನ ಅಷ್ಟೂ ತೋಳುಗಳಲ್ಲಿ ಬೊಬ್ಬೆ. ಉಳಿದ ಒಂದು ಕೂಸಿಗಾಗಿ ಪಾಲಯ್ಯ ಭರಮಣ್ಣನ ಬಾಗಿಲವರೆಗೂ ಹೋದ. ಒಳಗಿನಿಂದ ಮುದುಕನ ಕೆಮ್ಮು ಕೇಳಿಸಿತು. ಕದ ತಟ್ಟದೆ ಹಿಂದಿರುಗಿಬಿಟ್ಟ.

ತಿಂಗಳು ತುಂಬುವುದರೊಳಗೆ ಮೆಟ್ರಿಗೂ ಸಿಡುಬು ಬಂತು. ಊರಿನ ಕೂಸುಗಳಲ್ಲಿ ಮಲಗಿದ್ದು ಭರಮಣ್ಣನ ಮೊಮ್ಮಗಳು ಒಬ್ಬಳೇ. ಉಳಿಯಲಿಲ್ಲ.

ಮಣ್ಣು ಮಾಡಿ ಬಂದ ಭರಮಣ್ಣ, ಕಟ್ಟೆಯ ಬಳಿ ತಲೆ ತಗ್ಗಿಸಿ ಕೂತಿದ್ದ ಪಾಲಯ್ಯನ ಎದುರು ನಿಂತ. ಬೈಯುತ್ತಾನೆ ಎಂದುಕೊಂಡೆವು.

"ನೀ ಇನ್ನೊಮ್ಮೆ ಯಾಕ ಕೇಳಲಿಲ್ಲೋ?" ಎಂದ.

"ನಿಮಗ ಹೆದರಿದ್ನಿರಿ" ಎಂದ ಪಾಲಯ್ಯ.