ಹುಣಸೆಬೀಜದ ನೀಲಿ

೧೯೬೨ರಲ್ಲಿ ನಾನು ದಿಬ್ಬೂರಹಳ್ಳಿ ಸುತ್ತಿನ ಹಳ್ಳಿಗಳಿಗೆ ರೇಷ್ಮೆ ಡೆಮಾನ್‌ಸ್ಟ್ರೇಟರ್ ಆಗಿದ್ದೆ. ಹುಳು ಸಾಕುವವರ ಮನೆಮನೆಗೆ ಹೋಗಿ ಸೊಪ್ಪು, ಗಾಳಿ, ರೋಗ ಇವುಗಳ ಬಗ್ಗೆ ತಿಳಿಹೇಳುವುದು ನನ್ನ ಕೆಲಸ. ಹುದ್ದೆಯ ಹೆಸರಿಗೆ ನಾಲಿಗೆ ತಿರುಗದೆ ಜನ ನನ್ನನ್ನು ‘ಹುಳದ ಸಾರು’ ಎಂದು ಕರೆಯುತ್ತಿದ್ದರು. ಹೊಸದಾಗಿ ಬಂದ ನನ್ನ ಹೆಂಡತಿ ಅದನ್ನು ಮೊದಲು ಕೇಳಿದಾಗ ಯಾವುದೋ ಅಡುಗೆ ಎಂದುಕೊಂಡು ಮುಖ ಸಿಂಡರಿಸಿದ್ದಳು.

ಆ ಕೆಲಸದಲ್ಲಿ ನನಗೆ ಹೆಚ್ಚು ಬೈಗುಳ ತಂದದ್ದು ಫಾರ್ಮಾಲಿನ್. ಕಾಲೇಜಿನಲ್ಲಿ ಕೆಮಿಸ್ಟ್ರಿ ಓದಿದವನಿಗೆ ಅದೊಂದು ಸೊಗಸಾದ ಪದಾರ್ಥ. ಕುಡಿದರೆ ಕಣ್ಣು ಕಳೆಯುವ ಮೀಥೈಲ್ ಆಲ್ಕೊಹಾಲಿನ ಆವಿಯನ್ನು ಗಾಳಿಯೊಡನೆ ಕಾದ ತಾಮ್ರದ ಮೇಲೆ ಹಾಯಿಸಿದರೆ ಅದು ಫಾರ್ಮಾಲ್ಡಿಹೈಡ್ ಆಗುತ್ತದೆ. ಅದನ್ನು ನೀರಿನಲ್ಲಿ ಕರಗಿಸಿದರೆ ಫಾರ್ಮಾಲಿನ್. ಹುಳು ತರುವ ಮುಂಚೆ ಖಾಲಿ ಮನೆಗೆ ಸಿಂಪಡಿಸಿ ಬಾಗಿಲು ಮುಚ್ಚಿಟ್ಟರೆ ರೋಗದ ಬೀಜ ಉಳಿಯುವುದಿಲ್ಲ. ಆದರೆ ಅದರ ಘಾಟು ಮೂಗಿನೊಳಗೆ ಕಡ್ಡಿ ಆಡಿಸಿದ ಹಾಗೆ. ರೇಷ್ಮೆ ಹುಳುವಿಗೆ ವಾಸನೆ ಆಗದು ಎಂಬುದು ಅಲ್ಲಿನವರ ಕಟ್ಟುನಿಟ್ಟು. ಹುಳುವಿನ ಮನೆಯ ಹತ್ತಿರ ಒಗ್ಗರಣೆ ಹಾಕುವಂತಿಲ್ಲ, ಬೀಡಿ ಸೇದುವಂತಿಲ್ಲ, ಹೂ ಮುಡಿದು ಒಳಗೆ ಕಾಲಿಡುವಂತಿಲ್ಲ. ಅಂಥವರ ಮುಂದೆ ಫಾರ್ಮಾಲಿನ್ ಡಬ್ಬಿ ಹಿಡಿದು ನಿಂತರೆ ಮರ್ಯಾದೆ ಎಲ್ಲಿ ಸಿಗುತ್ತದೆ?

ಹಾಗೆ ನನ್ನನ್ನು ಅಂಗಳದಿಂದಲೇ ವಾಪಸು ಕಳಿಸಿದ್ದವರಲ್ಲಿ ಮುನಿಶಾಮಪ್ಪನವರು ಮೊದಲಿಗರು. ಜಮೀನುಂಟು, ಮಾತಿಗೆ ಬೆಲೆಯುಂಟು, ಹಿಡಿದ ಹಟ ಬಿಡುವವರಲ್ಲ. ಅವರ ಸೊಸೆ ಅಶ್ವತ್ಥಮ್ಮ ಶಿಡ್ಲಘಟ್ಟದ ಒಂದು ಹೆರಿಗೆ ಆಸ್ಪತ್ರೆಯಲ್ಲಿ ಮಿಡ್‌ವೈಫ್. ವಾರವೆಲ್ಲ ಅಲ್ಲಿದ್ದು ಭಾನುವಾರ ಊರಿಗೆ ಬರುತ್ತಿದ್ದಳು. ಆ ಮನೆಯಲ್ಲಿ ಸಂಬಳದ ಕೆಲಸಕ್ಕೆ ಹೋದ ಮೊದಲ ಹೆಣ್ಣುಮಗಳು ಅವಳು. ಮಾವನವರಿಗೆ ಅದು ಹೆಮ್ಮೆಯೂ ಹೌದು, ಗಂಟಲಲ್ಲಿ ಸಿಕ್ಕ ಮುಳ್ಳೂ ಹೌದು.

ಆ ಮಳೆಗಾಲದಲ್ಲಿ ಒಂದು ಭಾನುವಾರ ಬೆಳಿಗ್ಗೆ ಮುನಿಶಾಮಪ್ಪನವರಿಂದ ಕರೆ ಬಂತು. ನಾಲ್ಕನೆಯ ಜ್ವರ, ಅಂದರೆ ಕೊನೆಯ ಬಾರಿ ಪೊರೆ ಕಳಚುವ ಹಂತ, ದಾಟಿ ಗೂಡು ಕಟ್ಟಲು ಸಿದ್ಧವಾಗುತ್ತಿದ್ದ ಹುಳುಗಳು ಸಾಕುವ ಬಿದಿರಿನ ತಟ್ಟೆಗಳಲ್ಲಿ ತಟ್ಟೆತಟ್ಟೆಯೇ ಸಾಯುತ್ತಿದ್ದವು. ಹಿಂದಿನ ಭಾನುವಾರ ಅಶ್ವತ್ಥಮ್ಮ ಒಳಗೆ ಹೋಗಿ ಸೊಪ್ಪು ಹಾಕಿ ಬಂದಿದ್ದಳಂತೆ. ಆಸ್ಪತ್ರೆಯ ಫಿನೈಲ್ ಅವಳ ಮೈಯಿಂದ ತಟ್ಟೆಗೆ ಅಂಟಿತು ಎಂದು ಮಾವ ತೀರ್ಮಾನ ಮಾಡಿ ಆಗಿತ್ತು.

‘ಆಸ್ಪತ್ರೆ ನೆಲಕ್ಕೆ ಫಿನೈಲ್ ಯಾಕೆ ಹಾಕ್ತೀರಮ್ಮ ಅಂತ ಇವಳನ್ನೇ ಕೇಳಿದ್ದೆ. ಹುಳ ಸಾಯ್ಲಿ ಅಂತ, ಮಾವ, ಅಂದ್ಳು. ಇವೂ ಹುಳ ತಾನೇ ಸಾಮಿ?’ ಎಂದರು.

ನನಗೆ ನಗು ಬಂತು, ನುಂಗಿಕೊಂಡೆ. ಅವಳು ಹೇಳಿದ ಹುಳ ಕಣ್ಣಿಗೆ ಕಾಣದ ರೋಗಾಣು. ಇವರು ಕೇಳಿಸಿಕೊಂಡ ಹುಳ ಅನ್ನ ಕೊಡುವ ರೇಷ್ಮೆ. ಒಂದೇ ಪದ ಎರಡಕ್ಕೂ ಸಾಕಾಗಿದ್ದರಿಂದ ಒಂದು ಸಂಸಾರ ಮುರಿಯುವ ಹಂತಕ್ಕೆ ಬಂದಿತ್ತು. ‘ಕೆಲ್ಸ ಬಿಟ್ಟು ಮನೇಲಿರ್ಲಿ, ಇಲ್ದಿದ್ರೆ ತವರಿಗೆ ಹೋಗ್ಲಿ’ ಎಂದು ಅವರು ಆಗಲೇ ಹೇಳಿಬಿಟ್ಟಿದ್ದರು. ಅವಳ ಗಂಡ ಕೃಷ್ಣಪ್ಪ ಕಂಬಕ್ಕೆ ಒರಗಿ ನಿಂತಿದ್ದ.

ಅಶ್ವತ್ಥಮ್ಮ ಅಳಲಿಲ್ಲ. ‘ಸ್ನಾನ ಮಾಡಿ, ಮನೆ ಸೀರೆ ಉಟ್ಕೊಂಡೇ ಒಳಗೆ ಹೋಗಿದ್ದು ಸಾರ್. ನೀವು ಪರೀಕ್ಷೆ ಮಾಡ್ನೋಡಿ. ಫಿನೈಲ್ ಇದ್ರೆ ಇದೆ ಅಂತ್ಲೇ ಹೇಳಿ, ನಾನೇ ಕೆಲ್ಸ ಬಿಡ್ತೀನಿ’ ಎಂದಳು.

ಸತ್ತ ಹುಳುಗಳನ್ನು ಆಯಾ ದಿನವೇ ಗುಂಡಿಗೆ ಹಾಕಿ ಮುಚ್ಚಿದ್ದರು. ತಟ್ಟೆಯಲ್ಲಿ ಉಳಿದಿದ್ದ ಕೆಲವನ್ನು ಆರಿಸಿ, ಒದ್ದೆ ಬಟ್ಟೆ ಹಾಸಿದ ತಗಡಿನ ಡಬ್ಬಿಯಲ್ಲಿ ಇಟ್ಟುಕೊಂಡೆ. ಮುನಿಶಾಮಪ್ಪನವರಿಗೆ, ‘ಶನಿವಾರ ಶಿಡ್ಲಘಟ್ಟಕ್ಕೆ ಎರಡು ತಟ್ಟೆ ತನ್ನಿ. ಒಂದು ಹುಳ ಸತ್ತದ್ದು, ಇನ್ನೊಂದು ಅಟ್ಟದ ಮೇಲಿರೋ, ಇನ್ನೂ ಹುಳ ಹಾಕದ ಹೊಸದು’ ಎಂದೆ. ಹೊಸದೇಕೆಂದು ಅವರಿಗೆ ಅರ್ಥವಾಗಲಿಲ್ಲ. ನಾನೂ ವಿವರಿಸಲಿಲ್ಲ.

ಶಿಡ್ಲಘಟ್ಟದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದ ನನ್ನ ಸ್ನೇಹಿತ ಶನಿವಾರ ಮಧ್ಯಾಹ್ನ ಲ್ಯಾಬೊರೇಟರಿ ತೆರೆದುಕೊಟ್ಟ. ತಟ್ಟೆಗಳನ್ನು ಬೇರೆಯವರ ಕೈಗೆ ಕೊಡದೆ ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡೇ ಮಾವ ಬಂದರು. ಡ್ಯೂಟಿ ಮುಗಿಸಿ ಸೊಸೆಯೂ ಬಂದಳು.

ಇಲ್ಲಿ ಸ್ವಲ್ಪ ರಸಾಯನಶಾಸ್ತ್ರ ಹೇಳಬೇಕು. ಆಲ್ಕೊಹಾಲ್ ಮತ್ತು ಫೀನಾಲ್ ಎರಡರಲ್ಲೂ ಆಮ್ಲಜನಕ, ಜಲಜನಕ ಸೇರಿದ ಒಂದೇ ಬಗೆಯ ಗುಂಪು ಇರುತ್ತದೆ. ಆಲ್ಕೊಹಾಲಿನಲ್ಲಿ ಆ ಗುಂಪು ಸಾಧಾರಣ ಇಂಗಾಲದ ಸರಪಳಿಗೆ ಅಂಟಿದ್ದರೆ ಫೀನಾಲಿನಲ್ಲಿ ಬೆಂಜೀನ್ ಉಂಗುರಕ್ಕೆ ಅಂಟಿರುತ್ತದೆ. ಅಕ್ಕತಂಗಿಯರು ಬೇರೆ ಬೇರೆ ಮನೆ ಸೇರಿ ಬೇರೆ ಬೇರೆ ಸ್ವಭಾವ ಕಲಿತ ಹಾಗೆ, ಫೀನಾಲ್ ಕೊಂಚ ಹುಳಿ ಗುಣ ಪಡೆದು ಕಾಸ್ಟಿಕ್ ಸೋಡಾದೊಂದಿಗೆ ಕೂಡಿ ಲವಣವಾಗುತ್ತದೆ, ಆಲ್ಕೊಹಾಲ್ ಹಾಗೆ ಮಾಡುವುದಿಲ್ಲ. ಫೆರಿಕ್ ಕ್ಲೋರೈಡ್ ತೊಟ್ಟಿಕ್ಕಿಸಿದರೆ ಆಲ್ಕೊಹಾಲ್ ಸುಮ್ಮನಿರುತ್ತದೆ, ಫೀನಾಲ್ ನೇರಳೆ ಬಣ್ಣ ತಾಳುತ್ತದೆ. ಫಿನೈಲಿನಲ್ಲಿ ಇರುವುದು ಫೀನಾಲಿನ ಹತ್ತಿರದ ಬಂಧುಗಳು. ಅವು ಹೆಚ್ಚಾಗಿ ನೀಲಿ ಛಾಯೆ ತೋರುತ್ತವೆ.

ಹುಳು ಸತ್ತ ತಟ್ಟೆಯನ್ನು ಕೆರೆದು, ಬಿಸಿನೀರಿನಲ್ಲಿ ಅದ್ದಿ, ಸೋಸಿ, ಫೆರಿಕ್ ಕ್ಲೋರೈಡ್ ಬಿಟ್ಟೆ. ನೀರು ಕಣ್ಣೆದುರಿಗೇ ಕಡುನೀಲಿಯಾಯಿತು.

‘ಸಿಕ್ತಲ್ಲ!’ ಎಂದರು ಮುನಿಶಾಮಪ್ಪ. ಅಶ್ವತ್ಥಮ್ಮ ಹಿಂದಕ್ಕೆ ಸರಿದು ಬೆಂಚಿನ ಮೇಲೆ ಕುಳಿತುಬಿಟ್ಟಳು. ಆದರೆ ಬಣ್ಣ ಅಷ್ಟು ಗಾಢವಾಗಿರುವಾಗ ಫಿನೈಲಿನ ವಾಸನೆ ಒಂದಿಷ್ಟೂ ಇಲ್ಲವಲ್ಲ ಎಂಬುದು ನನ್ನನ್ನು ಕೊರೆಯುತ್ತಿತ್ತು. ಹೊಸ ತಟ್ಟೆಯನ್ನೂ ಹಾಗೆಯೇ ಕೆರೆದು ನೋಡಿದೆ. ಅದೂ ಕಡುನೀಲಿ.

‘ಇದನ್ನೂ ಮುಟ್ಟಿದ್ಳೇನೋ?’ ಎಂದರು ಮಾವ.

‘ಈ ತಟ್ಟೆಗೆ ಏನು ಬಳಿದಿದ್ದೀರಿ? ಯಾರು ಬಳಿದದ್ದು?’ ಎಂದು ಕೇಳಿದೆ.

‘ನಾನೇ ಬಳಿದದ್ದು. ಹಳೇ ಕಾಗದ ನೆನೆಸಿ, ಹುಣಸೆಬೀಜ ಸಿಪ್ಪೆ ಸಮೇತ ರುಬ್ಬಿ, ಅಂಟು ಮಾಡಿ ಬಳೀತೀವಿ. ಬಿದಿರಿನ ಸಂದೀಲಿ ಹುಳ ಸಿಕ್ಕಾಕ್ಕೊಬಾರ್ದಲ್ಲ.’

ಎದುರಿನ ಅಂಗಡಿಯಿಂದ ಹುಣಸೆಬೀಜ ತರಿಸಿ, ಕುಟ್ಟಿ, ಕುದಿಸಿ, ಅದಕ್ಕೂ ಒಂದು ತೊಟ್ಟು ಬಿಟ್ಟೆ. ಶಾಯಿಯಾಯಿತು. ಸಿಪ್ಪೆಯಲ್ಲಿರುವ ಒಗರಿನ ಅಂಶ ಟ್ಯಾನಿನ್, ಅದೂ ಫೀನಾಲಿನ ಕುಲದ್ದೇ. ‘ಇದೇಮಿ ಸಾಮಿ ಇದು!’ ಎಂದು ತೆಲುಗಿಗೆ ಹೊರಳಿದ ಮುನಿಶಾಮಪ್ಪ ಗಾಜಿನ ಕೊಳವೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಅವರು ಕೇಳಿದ ಪ್ರಶ್ನೆಗೆ ಇಂದಿಗೂ ತಲೆದೂಗುತ್ತೇನೆ: ‘ಸರಿ, ಹುಣಸೆಬೀಜ ಐತೆ. ಅದ್ರ ಜೊತೆ ಫಿನೈಲೂ ಇಲ್ಲ ಅಂತ ಹೆಂಗೆ ಹೇಳ್ತೀರಿ?’

ಉತ್ತರ ಹಬೆಯಲ್ಲಿತ್ತು. ಫಿನೈಲಿನ ಫೀನಾಲುಗಳು ಹಬೆಯೊಂದಿಗೆ ಎದ್ದು ಬರುತ್ತವೆ. ಟ್ಯಾನಿನ್ ದೊಡ್ಡ ಅಣು, ತಳ ಬಿಟ್ಟು ಕದಲುವುದಿಲ್ಲ. ಮೊದಲು ಹುಣಸೆಬೀಜದ ನೀರಿಗೆ ಬೇಕೆಂದೇ ಒಂದು ಹನಿ ಫಿನೈಲ್ ಹಾಕಿ ಕಾಯಿಸಿ, ಹಬೆಯನ್ನು ತಣ್ಣಗಾಗಿಸಿ ಹಿಡಿದೆ. ಫೀನಾಲನ್ನು ಹಿಡಿದುಕೊಡುವ ಬ್ರೋಮಿನ್ ನೀರು ಬಿಟ್ಟೊಡನೆ ಬಿಳಿ ಗಸಿ ಎದ್ದಿತು, ಆಸ್ಪತ್ರೆಯ ವಾಸನೆಯೂ ಬಂತು. ಗಾಜಿನ ಸಾಮಾನನ್ನೆಲ್ಲ ತೊಳೆದು, ಸತ್ತ ಹುಳುವಿನ ತಟ್ಟೆಯ ನೀರನ್ನು ಕಾಯಿಸಿದೆ. ಹನಿಹನಿಯಾಗಿ ಇಳಿದ ನೀರಿಗೆ ಬ್ರೋಮಿನ್ ಬಿಟ್ಟರೆ ಗಸಿ ಇಲ್ಲ, ಏನೂ ಇಲ್ಲ. ಮಾವ ಮೂಸಿ ನೋಡಿದರು. ಇನ್ನೊಮ್ಮೆ ಮೂಸಿದರು. ಕೊಳವೆಯನ್ನು ಸೊಸೆಯ ಕೈಗೆ ಕೊಟ್ಟರು.

‘ಮತ್ತೆ ಹುಳ ಯಾಕೆ ಸತ್ವು?’ ಎಂದು ಮಾವ ಕೇಳಿದರು.

ತಗಡಿನ ಡಬ್ಬಿ ತೆರೆದೆ. ಮೆತ್ತಗಿದ್ದ ಹುಳುಗಳು ಸೀಮೆಸುಣ್ಣದ ಕಡ್ಡಿಗಳಂತೆ ಬೆಳ್ಳಗೆ, ಗಟ್ಟಿಯಾಗಿದ್ದವು. ಸುಣ್ಣಕಟ್ಟು ರೋಗ, ಬೂಷ್ಟಿನಿಂದ ಬರುವಂಥದು. ಬೆಳ್ಳಗಾಗುವ ಮುಂಚೆಯೇ ಗುಂಡಿಗೆ ಹಾಕಿ ಮುಚ್ಚಿದ್ದರಿಂದ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ವಾಸನೆ ಎಂದು ಅವರು ಹೊರಗಟ್ಟಿದ್ದ ಫಾರ್ಮಾಲಿನ್ ಕೊಲ್ಲುತ್ತಿದ್ದುದು ಇದನ್ನೇ. ಅದು ಅವರಿಗೆ ಗೊತ್ತಾಗಿತ್ತು.

ಪರೀಕ್ಷಿಸಬೇಕಾದ ವಸ್ತು ಬೆರೆಯದ ಮಾದರಿಗೂ ಅದೇ ಪರೀಕ್ಷೆ ಮಾಡುವುದನ್ನು ಲ್ಯಾಬಿನಲ್ಲಿ ‘ಬ್ಲ್ಯಾಂಕ್’ ಎನ್ನುತ್ತೇವೆ. ಆ ದಿನದ ನಂತರ ಯಾರ ಮೇಲಾದರೂ ದೂರು ಕೇಳಿದಾಗ, ಅವರು ಕಾಲಿಡದ ಜಾಗದಲ್ಲೂ ಅದೇ ಬಣ್ಣ ಇದೆಯೇ ಎಂದು ಮೊದಲು ಹುಡುಕುವುದು ನನಗೆ ಅಭ್ಯಾಸವಾಯಿತು. ವೃತ್ತಿ ನನಗೆ ಕಲಿಸಿದ್ದು ಅಷ್ಟೇ, ಅದು ಸಾಕಷ್ಟಾಯಿತು.

ಬಸ್ ಸ್ಟ್ಯಾಂಡಿನಲ್ಲಿ ಮುನಿಶಾಮಪ್ಪ ತಟ್ಟೆಗಳನ್ನು ಕಂಕುಳಲ್ಲಿ ಇರುಕಿಕೊಂಡು ಬಸ್ಸಿಗೆ ಕಾದರು. ಬಸ್ಸು ಬಂದಾಗ ಸೊಸೆಯ ಕಡೆ ತಿರುಗಿ, ‘ಆಸ್ಪತ್ರೇಲಿ ರೂಮ್ ಹೆಂಗೆ ತೊಳೀತೀರೋ ಹಂಗೇ ನಮ್ಮ ಹುಳದ ಮನೆ ತೊಳ್ಸಿಕೊಡ್ತೀಯೇನಮ್ಮ? ಆ ಘಾಟಿನ ಔಷ್ದಿ ಈ ಸಾರ್ ಕೊಡ್ತಾರೆ’ ಎಂದರು.

‘ನಾಳೆನೇ ಬರ್ತೀನಿ ಮಾವ’ ಎಂದಳು ಅಶ್ವತ್ಥಮ್ಮ. ‘ಸೋಮವಾರ ಬೆಳಿಗ್ಗೆ ಡ್ಯೂಟಿಗೆ ಹೋಗ್ಬೇಕು. ಮೊದಲ್ನೇ ಬಸ್ಸಿಗೆ ನೀವೇ ಬಂದು ಹತ್ತಿಸ್ಬೇಕು.’