ನಾಲ್ಕನೆಯ ಪ್ರಯಾಣಿಕ

ಕಡಲಾಚೆಯ ಲಿನ್‌ವುಡ್ ಎಂಬ ಊರಿನ ಕನ್ನಡದವರಲ್ಲಿ ಯಾರೇ ಟ್ರಿಪ್ ಹೊರಡುವುದಿದ್ದರೂ ಮೊದಲು ವಸಂತಲಕ್ಷ್ಮಿಗೆ ಫೋನ್ ಮಾಡುತ್ತಿದ್ದ ಕಾಲವೊಂದಿತ್ತು. ಆಕೆಯೇನು ಟ್ರಾವೆಲ್ ಏಜೆಂಟ್ ಅಲ್ಲ, ಸಾಫ್ಟ್‌ವೇರ್ ಕಂಪನಿಯಲ್ಲಿ ಟೆಸ್ಟಿಂಗ್ ಕೆಲಸದವಳು. ಆದರೆ ಎಲ್ಲಿ ಉಳಿದರೆ ಅಡುಗೆಮನೆ ಸಿಗುತ್ತದೆ, ಯಾವ ದಾರಿಯಲ್ಲಿ ಮಕ್ಕಳು ವಾಂತಿ ಮಾಡಿಕೊಳ್ಳುತ್ತವೆ, ಯಾವ ಊರಿನಲ್ಲಿ ಒಳ್ಳೆಯ ಮೊಸರು ಸಿಗುತ್ತದೆ, ಎಲ್ಲವೂ ಬಾಯಿಪಾಠ. ಹೊರಡುವ ದಿನ ಬೆಳಿಗ್ಗೆ ಪುಳಿಯೋಗರೆ ಗೊಜ್ಜಿನ ಡಬ್ಬಿ ಇಟ್ಟುಕೊಂಡು ಕಾಯುವವಳು. ಕಾರು ತನ್ನ ಮನೆ ಮುಂದೆ ಬಂದು ನಿಂತರೆ ಡಿಕ್ಕಿ ತೆಗೆಸಿ, ಜೋಡಿಸಿದ್ದು ಸರಿಯಿಲ್ಲವೆಂದು ಬೈದು, ಎಲ್ಲ ಇಳಿಸಿ ಮತ್ತೆ ತುಂಬಿಸಿ ಕಳಿಸುವವಳು. ಬೈಸಿಕೊಂಡರೂ ಜನ ಬರುತ್ತಿದ್ದರು, ಯಾಕೆಂದರೆ ಅವಳ ಪ್ಲಾನಿನಲ್ಲಿ ಹೋದವರು ಸುಖವಾಗಿ ಹೋಗಿ ಬರುತ್ತಿದ್ದರು.

ಅವಳದೊಂದು ಹಟ ಮಾತ್ರ ಇತ್ತು. ಮೂರು ಜನ ಹೊರಡುವಂತಿಲ್ಲ. ಗಂಡ, ಹೆಂಡತಿ, ಒಂದು ಮಗು ಇರುವ ಮನೆಗಳೇ ಹೆಚ್ಚಾಗಿರುವ ಕಡೆ ಇದೆಂಥ ಗ್ರಹಚಾರ ಹೇಳಿ! ಮದ್ದೂರಿನ ಅಜ್ಜಿ ಕಲಿಸಿದ ಉಪಾಯ ಅವಳ ಹತ್ತಿರವಿತ್ತು: ಮೂವರು ಹೊರಟರೆ ಜೊತೆಗೊಂದು ಕಲ್ಲು ಇಡಬೇಕು. ಅಲ್ಲಿಗೆ ನಾಲ್ವರಾದ ಹಾಗೆ. ಮನೆ ಮುಂದಿನ ಗುಲಾಬಿ ಪಾತಿಯಿಂದ ಕಲ್ಲೊಂದನ್ನು ಆಯ್ದು, ತೊಳೆದು, ಡಿಕ್ಕಿಯ ಮೂಲೆಗೆ ಸೇರಿಸಿಬಿಡುತ್ತಿದ್ದಳು. ಗಂಡ ತ್ರಿವಿಕ್ರಮ ಮುಕಿಲ್ಟಿಯೊ ಹತ್ತಿರದ ವಿಮಾನ ಕಾರ್ಖಾನೆಯಲ್ಲಿ ಎಂಜಿನಿಯರ್. "ನಮ್ ಪ್ಲೇನ್‌ಗಳಲ್ಲೂ ಒಂದೊಂದು ಇಡಿಸ್ಲೇನೇ?" ಎಂದು ರೇಗಿಸುತ್ತಿದ್ದ. ತಮ್ಮನಂತಿದ್ದ ಶಿವಕುಮಾರನಂತೂ ಒಮ್ಮೆ ಆ ಕಲ್ಲನ್ನು ಸೀಟಿನ ಮೇಲೆ ಕೂರಿಸಿ, ಬೆಲ್ಟ್ ಹಾಕಿ, ಫೋಟೋ ತೆಗೆದು ಕಳಿಸಿದ್ದ: "ನಾಲ್ಕನೇ ಪ್ಯಾಸೆಂಜರ್ ಸೇಫ್, ಅಕ್ಕ."

ಈ ಶಿವಕುಮಾರ ಅಲ್ಲೇ ಹತ್ತಿರದ ಡುವಾಲ್‌ನಲ್ಲಿದ್ದ ಮೈಸೂರಿನವನು. ಹೆಂಡತಿ ಮೈತ್ರಿ, ಮಗಳು ಅನುಶ್ರೀ. ಒಡಹುಟ್ಟಿದವರಿಲ್ಲದ ಹುಡುಗ, ವಸಂತಲಕ್ಷ್ಮಿಯನ್ನೇ ಅಕ್ಕ ಮಾಡಿಕೊಂಡಿದ್ದ. ನಾಲ್ಕು ವರ್ಷದ ಹಿಂದೆ, ಬೇಸಿಗೆಯ ಮೊದಲ ಬಿಸಿಲು ಬಿದ್ದ ವಾರ, ಆ ಮೂವರನ್ನು ಬೆಟ್ಟದ ಮೇಲಿನ ಸರೋವರವೊಂದಕ್ಕೆ ಕಳಿಸಿದವಳು ಅವಳೇ. ಹಿಮ ಕರಗಿ ತುಂಬಿದ ನೀರು. ದಡದಲ್ಲಿ ಬಿಸಿಲು ಚುರುಗುಟ್ಟುತ್ತಿದ್ದರೂ ಒಳಗೆ ಮಂಜುಗಡ್ಡೆ. "ಒಂದು ಮುಳುಗು ಹಾಕಿ ಬರ್ತೀನಿ" ಎಂದು ಇಳಿದ ಶಿವಕುಮಾರ ಎದ್ದು ಬರಲಿಲ್ಲ. ಚಳಿಯ ಹೊಡೆತಕ್ಕೆ ಎದೆ ನಿಂತುಹೋಯಿತು ಎಂದರು ಡಾಕ್ಟರು.

ಸುದ್ದಿ ಕೇಳಿದ ಗಳಿಗೆಯಲ್ಲೇ ವಸಂತಲಕ್ಷ್ಮಿಗೆ ನೆನಪಾದದ್ದು ಕಲ್ಲು. ಅವತ್ತು ಬೆಳಿಗ್ಗೆ ಆಫೀಸಿನಿಂದ ಕಾಲ್ ಬಂದು, ಫೋನನ್ನು ಕಿವಿಗೆ ಒತ್ತಿಕೊಂಡೇ ಡಿಕ್ಕಿ ಮುಚ್ಚಿ, ಕೈಬೀಸಿ ಒಳಗೆ ಹೋಗಿದ್ದಳು. ಕಲ್ಲು ಇಟ್ಟಿರಲಿಲ್ಲ.

ಇಷ್ಟು ಓದಿದ ಹೆಂಗಸು ಇದನ್ನೆಲ್ಲ ನಂಬುವುದೇ ಎಂದು ನೀವು ಮೂಗು ಮುರಿಯಬಹುದು. ಮುರಿಯಿರಿ, ನಿಮ್ಮ ಮೂಗು ನಿಮ್ಮದು. ಅವಳ ಹೊಟ್ಟೆಯಲ್ಲಿ ಬಿದ್ದ ಬೆಂಕಿಗೆ ಅದೆಲ್ಲ ಗೊತ್ತಾಗಲಿಲ್ಲ. ಗಂಡನಿಗೂ ಬಾಯಿಬಿಡಲಿಲ್ಲ. ಪ್ಲಾನ್ ಕೇಳಿ ಬಂದವರಿಗೆ "ಈಗ ಟೈಮಿಲ್ಲ ಕಣ್ರಪ್ಪ" ಎಂದು ಹೇಳಿ ಹೇಳಿ, ಕೇಳುವವರೂ ನಿಂತರು. ತನ್ನ ಕಾರಿನ ಡಿಕ್ಕಿ ತೆಗೆಯುವುದನ್ನೇ ಬಿಟ್ಟಳು. ತೆಗೆದರೆ ಬೆನ್ನ ಹಿಂದೆ ಯಾರೋ ಒದ್ದೆ ಬಟ್ಟೆಯಲ್ಲಿ ಬಂದು ನಿಂತಂತಾಗುತ್ತಿತ್ತು. ಬಟ್ಟೆಯಿಂದ ನೀರು ತೊಟ್ಟಿಕ್ಕುವುದು ಕೇಳುತ್ತಿತ್ತು. ತಿರುಗಿದರೆ ಪಾರ್ಕಿಂಗ್ ಲಾಟ್, ಬಿಸಿಲು, ತಳ್ಳುಗಾಡಿಗಳು. ತರಕಾರಿಯನ್ನೆಲ್ಲ ಹಿಂದಿನ ಸೀಟಿನಲ್ಲೇ ಹೇರಿಕೊಂಡು ಬರುತ್ತಿದ್ದಳು. ಮೈತ್ರಿಯನ್ನಂತೂ ಕಂಡೂ ಕಾಣದ ಹಾಗೆ ತಪ್ಪಿಸಿಕೊಂಡು ತಿರುಗಿದಳು. ಇವಳಿಂದಲೇ ನನ್ನ ಗಂಡ ಹೋದ ಎಂದು ಅವಳಿಗೆ ಗೊತ್ತಾದರೆ? ಆ ಒಂದು ಭಯ ನಾಲ್ಕು ವರ್ಷ ಅವಳ ಜೊತೆಗೇ ಉಂಡು ಮಲಗಿತು.

ಈ ವಸಂತದಲ್ಲಿ ಒಂದು ಶನಿವಾರ ಬೆಳಿಗ್ಗೆ ಮೈತ್ರಿಯೇ ಮಗಳನ್ನು ಕರೆದುಕೊಂಡು ಬಾಗಿಲಿಗೆ ಬಂದಳು.

"ನಾರ್ವೆಗೆ ಹೋಗ್ಬೇಕು ಅಂತಿದೀವಿ ಅಕ್ಕ. ಸ್ಟಿಲ್‌ವಿಕ್ ಅಂತ ಒಂದು ಪುಟ್ಟ ಊರು. ಇವರು ಯಾವಾಗ್ಲೂ ಹೇಳ್ತಿದ್ರಲ್ಲ, ಸುತ್ತ ಬೆಟ್ಟ, ಮಧ್ಯ ಸಮುದ್ರದ ನೀರು ಬಂದು ಮಲ್ಕೊಂಡಿದೆ ಅಂತ. ನೀವೇ ಪ್ಲಾನ್ ಮಾಡ್ಕೊಡ್ಬೇಕು. ಬೇರೆಯವರ ಹತ್ರ ಹೋಗಕ್ಕೆ ನಂಗೆ ಮನಸಿಲ್ಲ."

ವಸಂತಲಕ್ಷ್ಮಿ ಅವರನ್ನು ಒಳಗೆ ಕರೆದು ಕೂರಿಸಿದಳು. ಕಾಫಿ ಕೊಟ್ಟು, ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದಳು. ಹಳೆಯ ಕೈ ತಾನಾಗಿ ಓಡತೊಡಗಿತು. ವಿಮಾನ, ಅಲ್ಲಿಂದ ಬಸ್ಸು, ಅಲ್ಲಿಂದ ದೋಣಿ. ಅಡುಗೆಮನೆಯಿರುವ ಕೆಂಪು ಮರದ ಮನೆ. "ಅಕ್ಕಿ ಅಲ್ಲೇ ಸಿಗತ್ತೆ, ಚಟ್ನಿಪುಡಿ ಇಲ್ಲಿಂದ ತಗೊಂಡೋಗಿ, ಕುಕ್ಕರ್ ಚಿಕ್ಕದು ಸಾಕು" ಎನ್ನುವಾಗ ಅವಳ ಗಂಟಲಿಗೆ ಹಳೆಯ ಜೋರು ಕೂಡ ಬಂದಿತ್ತು. ಅಷ್ಟರಲ್ಲಿ ಆ ಊರಿನ ದೋಣಿಕಟ್ಟೆಯ ಕ್ಯಾಮೆರಾ ಸಿಕ್ಕಿತು. ಅಲ್ಲಿ ಈ ಗಳಿಗೆಯಲ್ಲಿ ನಡೆಯುತ್ತಿರುವುದನ್ನೇ ತೋರಿಸುವಂಥದ್ದು.

ಅಲ್ಲಿ ಸಂಜೆ. ಕಪ್ಪು ನೀರು ಅಲುಗದೆ ನಿಂತಿತ್ತು. ಬೆಟ್ಟದ ತಲೆಯಲ್ಲಿ ಹಿಮ. ಕಟ್ಟೆಯ ತುದಿಯಲ್ಲಿ ಒಬ್ಬನೇ ಒಬ್ಬ ಮನುಷ್ಯ, ಕೈ ಹಿಂದೆ ಕಟ್ಟಿಕೊಂಡು ನೀರನ್ನೇ ನೋಡುತ್ತಿದ್ದ. ಶಿವಕುಮಾರ ನಿಲ್ಲುತ್ತಿದ್ದದ್ದು ಹಾಗೆಯೇ. ತಿರುಗಪ್ಪ, ಒಂದು ಸಲ ಈ ಕಡೆ ತಿರುಗು, ಎಂದು ವಸಂತಲಕ್ಷ್ಮಿ ಮನಸ್ಸಿನಲ್ಲೇ ಬೇಡಿಕೊಂಡಳು. ಅವನು ತಿರುಗಲಿಲ್ಲ. ನೀರಿನ ಕಡೆಗೆ ಒಂದು ಹೆಜ್ಜೆ ಇಟ್ಟ. ಚಿತ್ರ ಅಲ್ಲಿಗೇ ನಿಂತು, ಮತ್ತೆ ಚಲಿಸಿದಾಗ ಕಟ್ಟೆ ಖಾಲಿಯಾಗಿತ್ತು.

"ನೀವೂ ಬನ್ನಿ ಅಕ್ಕ" ಎಂದಳು ಮೈತ್ರಿ. "ನಾನು, ಅನು, ನೀವು. ಮೂರು ಜನ ಹೋಗ್ಬರೋಣ."

ವಸಂತಲಕ್ಷ್ಮಿ ಲ್ಯಾಪ್‌ಟಾಪನ್ನು ಪಟ್ಟನೆ ಮುಚ್ಚಿದಳು. "ಮೂರು ಜನ ಬೇಡ! ನನ್ನ ಕೈಯಲ್ಲಿ ಆಗಲ್ಲ ಕಣೇ. ನಿನಗೆ ಗೊತ್ತಿಲ್ಲ. ಅವತ್ತು ನಾನು ಕಲ್ಲಿಡಲಿಲ್ಲ. ಫೋನಲ್ಲಿದ್ದೆ, ಮರೆತೆ. ಅವನನ್ನ ನಾನೇ ಕಳ್ಕೊಂಡೆ, ನಿನ್ನ ಮನೆ ನಾನೇ ಹಾಳು ಮಾಡ್ದೆ."

ಮೈತ್ರಿ ಕಾಫಿ ಲೋಟ ಕೆಳಗಿಟ್ಟಳು.

"ಇದಕ್ಕಾ ನೀವು ನನ್ನ ಮಾತಾಡಿಸ್ದೇ ಇದ್ದಿದ್ದು? ಗಂಡ ಹೋದವಳು ಅಂತ ದೂರ ಇಟ್ರೇನೋ ಅಂದ್ಕೊಂಡಿದ್ದೆ ಅಕ್ಕ."

"ಅಯ್ಯೋ, ಎಂಥ ಮಾತೇ!"

"ಕಲ್ಲು ಇತ್ತು. ನೀವು ಒಳಗೆ ಹೋದ್ಮೇಲೆ ಇವರು ನೋಡಿದ್ರು, ಇರ್ಲಿಲ್ಲ. ಕಾರಿಂದ ಇಳಿದು ನಿಮ್ಮ ಗುಲಾಬಿ ಪಾತಿಯಿಂದ ಒಂದು ತಂದಿಟ್ರು. 'ಅಕ್ಕಂಗೆ ಆಮೇಲೆ ನೆನಪಾದ್ರೆ ಸುಮ್ನೆ ಒದ್ದಾಡ್ತಾರೆ, ಫೋನ್ ಮಾಡಿದ್ರೆ ಇದೆ ಅಂತ ಹೇಳ್ಬಹುದು' ಅಂದ್ರು." ಮೈತ್ರಿ ಕುರ್ಚಿಯನ್ನು ಅವಳ ಹತ್ತಿರಕ್ಕೆ ಎಳೆದುಕೊಂಡಳು. "ಮನೆಗೆ ಬಂದು ಡಿಕ್ಕಿ ತೆಗೆದ್ರೆ ಕಲ್ಲು ಇಟ್ಟಲ್ಲೇ ಕೂತಿತ್ತು. ನಾವು ನಾಲ್ಕು ಜನಾನೇ ಹೋಗಿದ್ದು ಅಕ್ಕ. ಮೂರು ಜನ ವಾಪಸ್ ಬಂದ್ವಿ."

ವಸಂತಲಕ್ಷ್ಮಿಯ ಎದೆಯ ಭಾರ ಇಳಿಯಬೇಕಿತ್ತು, ಇಳಿಯಲಿಲ್ಲ. ತಾನು ಮರೆತದ್ದರಿಂದ ಹೋದ ಎಂದುಕೊಂಡಿದ್ದಾಗ, ಮರೆಯದಿದ್ದರೆ ಉಳಿಯುತ್ತಿದ್ದ ಎಂಬುದೊಂದಾದರೂ ಕೈಯಲ್ಲಿತ್ತು. ಈಗ ಅದೂ ಜಾರಿತು.

"ಹಾಗಾದ್ರೆ ಯಾಕೆ ಹೋದ?" ಎಂದಳು, ಮಗುವಿನ ಹಾಗೆ.

"ನಂಗೂ ಗೊತ್ತಿಲ್ಲ ಅಕ್ಕ."

ಹಜಾರದಲ್ಲಿದ್ದ ಅನುಶ್ರೀ ಬಾಗಿಲಿಗೆ ಬಂದು, "ಮಾಮ್, ಈಸ್ ಆಂಟಿ ಓಕೆ?" ಎಂದಳು. ವಸಂತಲಕ್ಷ್ಮಿ ಮೇಜಿನ ಮೇಲೆ ತಲೆಯಿಟ್ಟು, "ಶಿವೂ, ಎಂಥ ಹುಡುಗನೋ ನೀನು, ಯಾಕೋ ಹೋದೆ" ಎಂದು ಗಟ್ಟಿಯಾಗಿ ಅತ್ತಳು. ನಾಲ್ಕು ವರ್ಷ ಅವಳು ಅತ್ತದ್ದೆಲ್ಲ ತನ್ನ ತಪ್ಪಿಗೆ. ಅವನಿಗಾಗಿ ಅತ್ತದ್ದು ಅವತ್ತೇ ಮೊದಲು.