ಗೋಡೆ ಸವರಿ ನಡೆಯುವವಳು

ನನ್ನ ಮಗಳು ಕೂರುತ್ತಿರಲಿಲ್ಲ. ನಿದ್ದೆ ಬಿಟ್ಟರೆ ಉಳಿದ ಹೊತ್ತೆಲ್ಲ ನಡಿಗೆಯೇ. ಬಲಗೈಯನ್ನು ಗೋಡೆಗೆ ತಾಗಿಸಿಕೊಂಡು ಮನೆಯೊಳಗೆ ಸುತ್ತು ಹಾಕುತ್ತಿದ್ದಳು. ಬಾಗಿಲು ಬಂದಾಗ ಗಕ್ಕನೆ ನಿಂತು, ಆಚೆಯ ಗೋಡೆಗೆ ಕೈ ಚಾಚಿ, ಅದು ಸಿಕ್ಕ ಮೇಲೇ ಮುಂದಕ್ಕೆ ಹೆಜ್ಜೆ. ನಾಲ್ಕು ವರ್ಷ ತುಂಬಿದ್ದರೂ ಮಾತು ಬಂದಿರಲಿಲ್ಲ. ಹೆಸರು ಹಿಡಿದು ಕೂಗಿದರೆ ತಿರುಗುತ್ತಿರಲಿಲ್ಲ. ಆದರೆ ಟೇಕಲ್ ಸ್ಟೇಷನ್ ಕಡೆಯಿಂದ ರೈಲು ಬರುವ ಸದ್ದು ನಮಗೆಲ್ಲರಿಗಿಂತ ಮುಂಚೆ ಅವಳಿಗೆ ಕೇಳುತ್ತಿತ್ತು. ಕೇಳಿದ ಕೂಡಲೇ ಬೀದಿಗೆ ಹಾರುತ್ತಿದ್ದಳು. ಹಾಗಾಗಿ ನಮ್ಮ ಮನೆಯ ಮುಂಬಾಗಿಲಿಗೆ ಹಗಲಿನಲ್ಲೂ ಚಿಲಕ.

ಕೋಲಾರದ ಡಾಕ್ಟರು ಆಟಿಸಂ ಎಂದರು. ಮಾತು ಕಲಿಸುವವರ ಹತ್ತಿರ ಆಗಾಗ ಕರೆದುಕೊಂಡು ಬನ್ನಿ ಎಂದು ಹೇಳಿ, ನಾವು ಎದ್ದು ನಿಂತ ಮೇಲೆ ಇನ್ನೊಂದು ಮಾತು ಸೇರಿಸಿದರು. "ಊರಿನ ಮಕ್ಕಳ ಜೊತೆ ಬಿಡಿ. ಒಬ್ಬಳನ್ನೇ ಮನೇಲಿ ಇಟ್ಕೋಬೇಡಿ."

ಮನೆಗೆ ಬಂದು ಹೇಳಿದಾಗ ಅತ್ತೆ ತಲೆ ಆಡಿಸಿದರು. "ಊರ ಮಕ್ಕಳು ಇವಳ್ನ ಸುಮ್ನೆ ಬಿಟ್ಟಾವಾ? ಮಾತು ಬಂದ್ಮೇಲೆ ಕಳ್ಸಿದ್ರಾಯ್ತು ಬಿಡಮ್ಮಾ."

ಮಾತು ಯಾರ ಜೊತೆ ಆಡೋಕೆ ಬರಬೇಕು ಅತ್ತೆ, ಈ ಗೋಡೆ ಜೊತೆಗಾ, ಎಂದು ಕೇಳಬೇಕೆನಿಸಿತು. ಮಾರನೆಯ ದಿನವೇ ಮಗಳನ್ನು ಅಂಗನವಾಡಿಗೆ ಕರೆದುಕೊಂಡು ಹೋದೆ.

ನಮ್ಮೂರಿನ ಅಂಗನವಾಡಿ ಹಾಲಿನ ಡೈರಿ ಪಕ್ಕದ ಒಂದೇ ಕೋಣೆ. ಅಡುಗೆಗೆ ಒಂದು ಮೂಲೆ, ಮುಂದೆ ಚಿಕ್ಕ ಅಂಗಳ, ಗೇಟು ದಾಟಿದರೆ ಟಾರ್ ರಸ್ತೆ. ಟೀಚರು ಪಕ್ಕದ ಬೀದಿಯವರೇ, ನನಗಿಂತ ಸ್ವಲ್ಪ ದೊಡ್ಡವರು. ಮಗಳನ್ನು ನೋಡಿ ಬೇಡ ಎನ್ನಲಿಲ್ಲ, ಬನ್ನಿ ಎಂದು ಸಂತೋಷವನ್ನೂ ಪಡಲಿಲ್ಲ. "ನೋಡೋಣ" ಎಂದರು.

ಮಗಳು ಅಲ್ಲೂ ಗೋಡೆ ಹಿಡಿದಳು. ಅದಕ್ಕೆ ಅಂಟಿಸಿದ್ದ ಹಸು, ಎಲೆ, ಬಸ್ಸು, ಮಾವಿನಹಣ್ಣಿನ ಚಿತ್ರಗಳನ್ನು ಸವರಿಕೊಂಡು ಸುತ್ತತೊಡಗಿದಳು. ಸಾಲಾಗಿ ಕೂತಿದ್ದ ಮಕ್ಕಳು ಸ್ವಲ್ಪ ದಿನ ಬಾಯಿ ಬಿಟ್ಟುಕೊಂಡು ನೋಡಿದವು. ಆಮೇಲೆ ಒಬ್ಬ ಎದ್ದು ಅವಳ ಹಿಂದೆ ಹೊರಟ. ಅವನ ಹಿಂದೆ ಇನ್ನೊಬ್ಬಳು. ವಾರ ಕಳೆಯುವಷ್ಟರಲ್ಲಿ ಚಾಪೆ ಖಾಲಿ, ಗೋಡೆಯ ಸುತ್ತ ಮಕ್ಕಳು. ಚಿತ್ರಗಳ ಅಂಚೆಲ್ಲ ಕಿತ್ತುಬಂತು.

ಮೊದಲು ಹಿಂದೆ ಹೊರಟಿದ್ದ ಹುಡುಗನ ತಾಯಿ ಒಂದು ಬೆಳಗ್ಗೆ ಗೇಟಿನ ಹತ್ತಿರ ನನ್ನನ್ನು ನಿಲ್ಲಿಸಿಕೊಂಡಳು. ಜಗಳಕ್ಕೆ ಬಂದವಳಂತೆ ಕಾಣಲಿಲ್ಲ. ದನಿ ತಗ್ಗಿಸಿ ಕೇಳಿದಳು. "ನಮ್ಮೋನು ಮನೇಲೂ ಗೋಡೆ ಸವರ್ಕೊಂಡು ಸುತ್ತಾವ್ನೆ ಕಣಮ್ಮಾ. ಇವಳ್ನ ನೋಡಿ ಕಲ್ತಿರೋದು. ಇದೇನಾದ್ರೂ ಅಂಟ್ಕೊಳ್ಳುತ್ತಾ?"

"ಅಂಟೋದಲ್ಲ ಇದು" ಎಂದೆ. ಅವಳ ಮುಖದಲ್ಲಿದ್ದದ್ದು ಸಿಟ್ಟಾಗಿದ್ದರೆ ನಾನೂ ಸಿಟ್ಟು ಮಾಡಬಹುದಿತ್ತು. ಅಲ್ಲಿದ್ದದ್ದು ಹೆದರಿಕೆ. ಅದು ನನಗೆ ಚೆನ್ನಾಗಿ ಗೊತ್ತಿದ್ದ ಹೆದರಿಕೆ.

ಅವಳು ಟೀಚರಿಗೂ ಹೇಳಿದ್ದಳೆಂದು ಕಾಣುತ್ತದೆ. ಅದೇ ದಿನ ಟೀಚರು ನನ್ನನ್ನು ಕರೆದರು. "ಒಂದಷ್ಟು ದಿನ ನೀವೂ ಬಂದು ಜೊತೇಲಿ ಕೂತ್ಕೊಳ್ಳಿ. ಇವಳ ಹಿಂದೇನೂ ಓಡಿ ಮಿಕ್ಕೋರ್ನೂ ನೋಡೋಕೆ ನನ್ನ ಕೈಲಿ ಆಗ್ತಿಲ್ಲ. ಆಚೆ ರೋಡು ಬೇರೆ."

ಹೀಗೆ ನಾನು ಅಂಗನವಾಡಿಗೆ ಸೇರಿದೆ. ಮಗಳು ಎದ್ದರೆ ಸೊಂಟ ಹಿಡಿದು ಕೂರಿಸುವುದು, ಅವಳು ಕೈ ಕಚ್ಚಿಕೊಂಡರೆ ಬಿಡಿಸುವುದು, ಕಿರುಚಿದರೆ ಸೆರಗಿನಲ್ಲಿ ಅವಳ ಮುಖ ಮುಚ್ಚಿ ಅಂಗಳಕ್ಕೆ ಎತ್ತಿಕೊಂಡು ಹೋಗುವುದು. ನನ್ನ ಕಣ್ಣು ಗೇಟಿನ ಮೇಲೆ, ಕಿವಿ ರೈಲಿನ ಮೇಲೆ. ಮನೆಯಲ್ಲಿ ರೇಷ್ಮೆ ಹುಳು ಇದ್ದವು. ಅವಕ್ಕೆ ಹೊತ್ತಿಗೆ ಸರಿಯಾಗಿ ಸೊಪ್ಪು ಬೀಳಬೇಕು. ಇಲ್ಲಿ ಕೂತಾಗ ಅಲ್ಲಿಯ ಚಿಂತೆ, ಅಲ್ಲಿ ಹೋದರೆ ಇಲ್ಲಿಯದು. ತಿಂದ ಅನ್ನ ಮೈಗೆ ಹತ್ತುತ್ತಿರಲಿಲ್ಲ.

ಟೀಚರು ಒಂದು ಮಧ್ಯಾಹ್ನ ಮೊಟ್ಟೆ ಸುಲಿಯುತ್ತಾ ಅಂದರು. "ಅವಳ್ನ ಕೂರ್ಸೋಕೆ ಬಂದ್ರಿ. ನೀವೇ ಕೂತಿಲ್ಲ ನೋಡಿ. ಕಾಲು ಆಡಿಸ್ತಾನೇ ಇದೀರ."

ಕೆಳಗೆ ನೋಡಿದೆ. ನನ್ನ ಪಾದ ನೆಲ ಕುಟ್ಟುತ್ತಿತ್ತು. ನಾಚಿಕೆಯಾಯಿತು. ಮೊಣಕಾಲನ್ನು ಕೈಯಿಂದ ಅದುಮಿ ಹಿಡಿದೆ. ಸ್ವಲ್ಪ ಹೊತ್ತಿಗೆ ಇನ್ನೊಂದು ಕಾಲು ಶುರುವಾಯಿತು.

ಆ ಬೆಳೆಯ ಹುಳು ನಾಲ್ಕನೇ ಜ್ವರ ಎದ್ದವು. ಹೀಗೆ ಕೊನೆಯ ಬಾರಿ ಪೊರೆ ಬಿಟ್ಟ ಮೇಲೆ ಹುಳುವಿಗೆ ಬರುವ ಹಸಿವು ಹೇಳತೀರದ್ದು. ಹಾಕಿದ ಸೊಪ್ಪು ನೋಡನೋಡುತ್ತಾ ಕಡ್ಡಿಯಾಗುತ್ತದೆ. ಅಂಥ ಹೊತ್ತಿನಲ್ಲೇ ಅತ್ತೆಗೆ ಸೊಂಟ ಹಿಡಿದುಕೊಂಡಿತು. ಗಂಡ ಅಂಗನವಾಡಿಯ ಗೇಟಿಗೆ ಬಂದು ನಿಂತರು, ಮೈಯೆಲ್ಲ ಸೊಪ್ಪಿನ ಧೂಳು.

"ಅಮ್ಮನ ಕೈಲಿ ಏಳೋಕಾಗ್ತಿಲ್ಲ. ಹುಳ ಎಲ್ಲಾ ತಲೆ ಎತ್ಕೊಂಡವೆ. ಒಂದೀಟು ಬಂದು ಹೋಗು."

ನಾನು ಮಗಳತ್ತ ನೋಡಿದೆ. ಟೀಚರು "ಹೋಗಿ ಬನ್ನಿ" ಎಂದರು.

"ಗೇಟು?"

"ಚಿಲಕ ಹಾಕಿದೆ. ಹೋಗಿ."

ಹುಳುಮನೆಯಲ್ಲಿ ಸೊಪ್ಪು ಹರಡುತ್ತಿದ್ದೆ. ಕೈ ಕೆಲಸ ಮಾಡುತ್ತಿತ್ತು, ಉಳಿದದ್ದೆಲ್ಲ ರಸ್ತೆಯಲ್ಲಿತ್ತು. ಲಾರಿಯ ಬ್ರೇಕಿನ ಸದ್ದಾದರೆ ಕೈ ನಿಲ್ಲುತ್ತಿತ್ತು. ಅಷ್ಟರಲ್ಲಿ ಸ್ಟೇಷನ್ ಕಡೆಯಿಂದ ರೈಲಿನ ಕೂಗು ಬಂತು. ಸೊಪ್ಪನ್ನು ಅಲ್ಲೇ ಚೆಲ್ಲಿ ಓಡಿದೆ. "ಲೇ, ಇನ್ನೂ ಅರ್ಧ ಐತೆ" ಎಂದು ಗಂಡ ಕೂಗಿದ್ದು ಬೆನ್ನಿಗೆ ಬಡಿಯಿತು.

ಗೇಟು ತೆರೆದಿತ್ತು.

ಅಂಗಳ ದಾಟಿದ್ದು ನೆನಪಿಲ್ಲ. ಬಾಗಿಲಿಗೆ ಹೋಗುವ ಧೈರ್ಯ ಬರದೆ ಪಕ್ಕದ ಕಿಟಕಿಯ ಸರಳು ಹಿಡಿದು ಒಳಗೆ ಇಣುಕಿದೆ.

ಮಗಳು ಮುಂದೆ, ಕೈ ಗೋಡೆಯ ಮೇಲೆ. ಅವಳ ಫ್ರಾಕಿನ ಅಂಚು ಹಿಡಿದು ಆ ಹುಡುಗ. ಅವನ ಅಂಗಿ ಹಿಡಿದು ಮತ್ತೊಬ್ಬಳು, ಹೀಗೆ ಬಾಲದಂತೆ ಮಕ್ಕಳೆಲ್ಲ. ಅವಳ ಕೈ ಯಾವ ಚಿತ್ರದ ಮೇಲೆ ಬೀಳುತ್ತದೋ ಅದರ ಹೆಸರನ್ನು ಎಲ್ಲರೂ ಕೂಗಬೇಕು. ಹಸು. ಎಲೆ. ಬಸ್ಸು. ತೆಲುಗು ಮನೆಯ ಒಬ್ಬಳು ಹಸುವಿಗೆ ಆವು ಎಂದಳು, ಟೀಚರು ಅದನ್ನೂ ಸರಿ ಎಂದರು. ಸುತ್ತು ಮುಗಿದ ಮೇಲೆ ಟೀಚರು ಚಪ್ಪಾಳೆ ತಟ್ಟಿದರು. ಮಕ್ಕಳು ಧೊಪ್ಪನೆ ಕೂತವು. ಹುಡುಗ ಕೂರುತ್ತಾ ಫ್ರಾಕನ್ನು ಕೆಳಕ್ಕೆ ಜಗ್ಗಿದ. ನನ್ನ ಮಗಳು ಕೂತಳು.

ತುಂಬಾ ಹೊತ್ತೇನಲ್ಲ. "ಮೇಡಂ, ಎದ್ದಳು" ಎಂದ ಹುಡುಗ.

"ಏಳ್ಲಿ ಬಿಡು. ಮತ್ತೆ ಕೂರ್ತಾಳೆ."

ನನ್ನ ಹಿಂದೆ ಯಾರೋ ಕೆಮ್ಮಿದರು. ಅಡುಗೆ ಮಾಡುವ ಆಯಮ್ಮ ಗೇಟಿನ ಪಕ್ಕದ ಕಲ್ಲಿನ ಮೇಲೆ ಕೂತು ಪಾತ್ರೆ ಉಜ್ಜುತ್ತಿದ್ದರು. ಓಡಿ ಬಂದ ಭರದಲ್ಲಿ ನಾನು ಅವರನ್ನು ನೋಡಿಯೇ ಇರಲಿಲ್ಲ. "ಗ್ಯಾಸಿನೋನು ಬಂದಿದ್ದ, ಅದಕ್ಕೆ ತೆಗೆದಿರೋದು. ನಾನಿಲ್ಲೇ ಇದೀನಲ್ಲಮ್ಮಾ. ಒಳಕ್ಕೆ ಹೋಗ್ಬೇಡ, ನಿನ್ನ ನೋಡಿದ್ರೆ ಎದ್ದುಬಿಡ್ತಾಳೆ."

ಸಂತೋಷವಾಗಬೇಕಿತ್ತು. ಆಯಿತು ಕೂಡ. ಆದರೆ ಅದರ ಒಳಗೇ ಏನೋ ಚುಚ್ಚಿತು. ನಾನಿಲ್ಲದೆ ಅವಳು ಅಳುತ್ತಿರುತ್ತಾಳೆ ಎಂದುಕೊಂಡು ಓಡಿಬಂದಿದ್ದೆ. ಅವಳು ಬಾಗಿಲ ಕಡೆ ಒಮ್ಮೆಯೂ ನೋಡಲಿಲ್ಲ. ಮನೆಗೆ ಹೋಗಲಾರದೆ, ಒಳಗೂ ಹೋಗಲಾರದೆ ಕಿಟಕಿಯ ಕೆಳಗೆ ನಿಂತೇ ಇದ್ದೆ. ಕೊನೆಗೆ ಆಯಮ್ಮನೇ "ಹುಳ ಉಪವಾಸ ಐತಂತೆ, ಹೋಗಮ್ಮಾ" ಎಂದು ಗದರಿಸಿದರು.

ಹುಳು ಹಣ್ಣಾದಾಗ ಅವನ್ನು ಆಯ್ದು ಗೂಡು ಕಟ್ಟಲು ಬಿದಿರು ಹೆಣೆದ ಚಂದ್ರಿಕೆಯ ಮೇಲೆ ಬಿಡಬೇಕು. ಅದು ಮನೆಯವರಿಂದಷ್ಟೇ ಆಗುವ ಕೆಲಸವಲ್ಲ, ಊರಲ್ಲಿ ಒಬ್ಬರಿಗೊಬ್ಬರು ಮುಯ್ಯಾಳಾಗಿ ಬರುತ್ತೇವೆ. ಆ ಹುಡುಗನ ತಾಯಿಯೂ ಬಂದಳು, ಮಗನನ್ನು ಕರೆದುಕೊಂಡೇ. ನಾವಿಬ್ಬರೂ ಅಕ್ಕಪಕ್ಕ ಕೂತು ಹುಳು ಆಯುತ್ತಿದ್ದೆವು. ಮಕ್ಕಳಿಬ್ಬರೂ ಹುಳುಮನೆಯ ಗೋಡೆ ಹಿಡಿದು ಸುತ್ತುತ್ತಿದ್ದರು.

"ಅವನು ಹಿಂದೆ ಬರ್ತಾವ್ನೆ ಅಂತ ಇವಳಿಗೆ ಗೊತ್ತಾಗುತ್ತಾ?" ಎಂದು ಅವಳು ಕೇಳಿದಳು.

"ನಂಗೂ ಗೊತ್ತಿಲ್ಲ" ಎಂದೆ.

ನಾವು ನೋಡುತ್ತಿದ್ದಂತೆ ಹುಡುಗ ಒಂದು ಹುಳುವನ್ನು ಅಂಗೈ ಮೇಲೆ ಇಟ್ಟುಕೊಂಡು ನಿಂತುಬಿಟ್ಟ. ಮಗಳು ಬಾಗಿಲ ತನಕ ಹೋಗಿದ್ದಳು. ಆಚೆಯ ಗೋಡೆಗೆ ಕೈ ಚಾಚಲಿಲ್ಲ. ನಿಂತಳು. ತಿರುಗಿ ನೋಡದೆ ಎಡಗೈಯಿಂದ ತನ್ನ ಫ್ರಾಕಿನ ಹಿಂದಿನ ಅಂಚನ್ನು ತಡಕಿದಳು. ಅವನು ಓಡಿಬಂದು ಅದನ್ನು ಹಿಡಿದುಕೊಂಡ ಮೇಲೆ ಹೊರಟಳು. ಅವನ ತಾಯಿ ನನ್ನನ್ನು ನೋಡಿದಳು. ಅವಳ ಬೆರಳ ಸಂದಿಯಲ್ಲಿ ಹುಳುವೊಂದು ಹೊರಳಾಡುತ್ತಿತ್ತು.

ಈ ವರ್ಷ ಇಬ್ಬರೂ ಒಂದನೇ ಕ್ಲಾಸು. ಸೇರಿಸಲು ಹೋದಾಗ ಹೆಡ್ ಮಾಸ್ಟರು ಕುರ್ಚಿ ಕೊಟ್ಟು ಕೂರಿಸಿ ಹೇಳಿದರು. "ಸೇರಿಸ್ಕೊಳ್ಳಲ್ಲ ಅನ್ನಲ್ಲಮ್ಮ. ಆದ್ರೆ ಇಲ್ಲಿ ಮೂರು ಕ್ಲಾಸು ಒಂದೇ ರೂಮು. ಇಂಥ ಮಕ್ಕಳಿಗೆ ಅಂತ ಇರೋ ಮೇಷ್ಟ್ರು ಮಾಲೂರಿಂದ ಯಾವಾಗ್ಲೋ ಒಂದ್ಸಲ ಬರ್ತಾರೆ." ವಾಪಸು ಬರುವಾಗ ಗಂಡ, ದೂರದ ಊರಲ್ಲಿ ಇಂಥ ಮಕ್ಕಳಿಗೇ ಹಾಸ್ಟೆಲ್ ಇರುವ ಶಾಲೆ ಇದೆಯಂತೆ ಎಂದರು. ಅವರು ಹೇಳಿದ್ದು ತಪ್ಪಲ್ಲ, ಅವರಿಗೂ ದಿಗಿಲೇ. "ಇವಳ ಹಿಂದೆ ಬರೋರು ಅಲ್ಲಿ ಯಾರಿದಾರೆ?" ಎಂದು ಕೇಳಿದೆ. ಊರಿನ ಶಾಲೆಗೇ ಸೇರಿಸಿದೆವು.

ಮೊದಲ ದಿನ ಸಂಜೆ ಮಗಳ ಕೆನ್ನೆಯ ಮೇಲೆ ಗೀರು. ಕ್ಲಾಸಿನ ಮೇಡಂಗೆ ಗೊತ್ತಿರಲಿಲ್ಲ. ಹುಡುಗ "ನಾನು ನೀರು ಕುಡಿಯೋಕೆ ಹೋಗಿದ್ದೆ ಆಂಟಿ, ನೋಡ್ಲಿಲ್ಲ" ಎಂದು ಅಳುಮುಖ ಮಾಡಿದ. ಯಾರಾದರೂ ಗೀರಿದರೋ, ತಾನೇ ಗೀರಿಕೊಂಡಳೋ, ಗೋಡೆಯ ಮೊಳೆ ತಗುಲಿತೋ. ಹೇಳಬೇಕಾದವಳಿಗೆ ಮಾತಿಲ್ಲ. ರಾತ್ರಿಯೆಲ್ಲ ಆ ಗೀರಿನ ಮೇಲೆ ನನ್ನ ಕೈ. ನಾಳೆ ಕಳಿಸಬಾರದು ಎಂದುಕೊಂಡೆ, ಕಳಿಸದಿದ್ದರೆ ನಾಡಿದ್ದೂ ಕಳಿಸಲಾರೆ ಎಂದೂ ಅನಿಸಿತು.

ಬೆಳಗ್ಗೆ ಒಲೆ ಹಚ್ಚದೆ ಅಡುಗೆಮನೆಯ ಹೊಸಿಲ ಮೇಲೆ ಕೂತಿದ್ದೆ, ಇನ್ನೂ ತೀರ್ಮಾನಕ್ಕೆ ಬಂದಿರಲಿಲ್ಲ. ಮಗಳು ಗೋಡೆ ಸವರಿಕೊಂಡು ಒಂದು ಸುತ್ತು ಬಂದಳು. ಎರಡನೇ ಸುತ್ತಿಗೆ ಅವಳ ಎಡಗೈಯಲ್ಲಿ ನಿನ್ನೆ ಶಾಲೆಗೆ ಹಾಕಿಕೊಂಡು ಹೋಗಿದ್ದ ಚಪ್ಪಲಿಗಳಿದ್ದವು. ನನ್ನ ಮಡಿಲಿಗೆ ಹಾಕಿ, ಮುಂಬಾಗಿಲ ಚಿಲಕವನ್ನು ಬಡಿಯತೊಡಗಿದಳು.